ಇನ್ನೆರಡು ದಿನ ಬೇಕು

ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಆರು ಟೊಮೇಟೊ. ಜೊತೆಗೆ ಒಂದು ಚೀಟಿ: "ನಿನ್ನೆಯ ಗಲಾಟೆಗೆ ಕ್ಷಮಿಸಿ. ನಮ್ಮ ಹಿತ್ತಲಿನವು, ಚೆನ್ನಾಗಿ ಹಣ್ಣಾಗಿವೆ. ತಿಂದು ನೋಡಿ. ಪಕ್ಕದ ಮನೆಯ ಬಡಗಿ."

ಅವಳು ಒಂದನ್ನು ಕೈಗೆತ್ತಿಕೊಂಡಳು. ಹಸಿರೆಂದರೆ ಹಚ್ಚ ಹಸಿರು. ಎಸೆದರೆ ಕಿಟಕಿಯ ಗಾಜು ಪುಡಿಯಾಗುವಷ್ಟು ಗಟ್ಟಿ.

ಅವಳು ಕನ್ನಡಕದ ಅಂಗಡಿ ನಡೆಸುತ್ತಿದ್ದಳು. ವಾರವೆಲ್ಲ ಜನರ ಕಣ್ಣು ಪರೀಕ್ಷೆ ಮಾಡಿ ಸುಸ್ತಾಗಿ, ಭಾನುವಾರ ಮಧ್ಯಾಹ್ನ ಒಂದು ಗಳಿಗೆ ಮಲಗೋಣ ಎಂದರೆ ಗೋಡೆಯಾಚೆ ಗರಗಸದ ಸದ್ದು. ತಡೆಯಲಾರದೆ ಹೋಗಿ ಬಾಯಿಗೆ ಬಂದಂತೆ ಬೈದಿದ್ದಳು. ಅವನು ಕೂಡಲೇ ಗರಗಸ ಕೆಳಗಿಟ್ಟಿದ್ದ. ಈಗ ನೋಡಿದರೆ ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ!

"ಅಮ್ಮ, ಇವನಿಗೆಷ್ಟು ಕೊಬ್ಬು ನೋಡು."

"ನನಗ್ಯಾಕೆ ಹೇಳ್ತೀಯ? ಹೋಗಿ ಅವನನ್ನೇ ಕೇಳು," ಎಂದರು ಅಮ್ಮ, ಪೇಪರಿನಿಂದ ತಲೆಯೆತ್ತದೆ.

ಬಡಗಿ ಹಿತ್ತಲಲ್ಲಿ ಗಿಡಗಳಿಗೆ ಕೋಲು ಕಟ್ಟುತ್ತಿದ್ದ. ಅವಳು ಕಾಯಿಗಳನ್ನು ತುಂಬಿಕೊಂಡು ತಂದ ಚೀಲವನ್ನು ಅವನ ಮುಂದೆ ಹಿಡಿದಳು.

"ಏನ್ರೀ ಇದು, ತಮಾಷೆನಾ?"

"ಯಾಕೆ ಮೇಡಂ, ಹುಳ ಇತ್ತಾ?"

"ಹುಳಕ್ಕೂ ಹಲ್ಲು ಇಳಿಯಲ್ಲ ಇದಕ್ಕೆ! ಹಣ್ಣಾಗಿದೆ ಅಂತ ಬರೆದಿದ್ದೀರಲ್ಲ?"

"ಆಗಿಲ್ವಾ?"

ಅವನು ಕೇಳಿದ ರೀತಿಗೆ ಅವಳ ಸಿಟ್ಟು ಅರ್ಧಕ್ಕೇ ನಿಂತಿತು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕಿಟಕಿಯ ಮೇಲೆ ಸಾಲಾಗಿದ್ದ ಬಣ್ಣದ ಡಬ್ಬಗಳತ್ತ ಅವಳ ಕಣ್ಣು ಹೋಯಿತು. ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ: ಕೆಂಪು, ಹಸಿರು, ಕಂದು. ಮೂಲೆಯ ಗಿಡದಲ್ಲಿ ಒಂದೇ ಒಂದು ಕಾಯಿ ಕೆಂಪಗಾಗಿತ್ತು. ಅವಳು ಅದನ್ನು ಕಿತ್ತು, ಹಸಿರು ಕಾಯಿಯ ಪಕ್ಕ ಹಿಡಿದಳು.

"ಇವೆರಡರಲ್ಲಿ ಕೆಂಪು ಯಾವುದು?"

ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

"ಚಿಕ್ಕಂದಿನಿಂದಲೂ ಹಾಗೇ, ಮೇಡಂ, ಎರಡೂ ಒಂದೇ ಥರ ಕಾಣುತ್ತೆ. ಯಾವುದು ಹಣ್ಣು ಅಂತ ಪ್ರತಿ ಸಲ ಅಕ್ಕ ಹೇಳ್ತಿದ್ಲು. ಈಗ ಅವಳು ಮಗಳ ಹೆರಿಗೆಗೆ ಅಂತ ಹೋಗಿದ್ದಾಳೆ. ಒತ್ತಿ ನೋಡಬಹುದಿತ್ತು, ಆದ್ರೆ ಕಲೆ ಬೀಳುತ್ತೆ. ಕೊಡೋ ವಸ್ತು ಅಲ್ವಾ ಅಂತ..." ಅಷ್ಟು ಹೇಳಿ ದನಿ ತಗ್ಗಿಸಿದ. "ಯಾರಿಗೂ ಹೇಳಬೇಡಿ. ಗೊತ್ತಾದ್ರೆ ಬಾಗಿಲಿಗೆ ಬಣ್ಣ ಹೊಡೆಯೋಕೆ ಯಾರೂ ಕರೆಯಲ್ಲ."

ಅವಳಿಗೆ ಭೂಮಿಗಿಳಿದು ಹೋದಂತಾಯಿತು. ಗಿಡಗಳನ್ನು ಎಣಿಸುವವಳಂತೆ ನಿಂತಳು. ಹನ್ನೆರಡು ಗಿಡ, ಮೈತುಂಬ ಕಾಯಿ.

"ಈ ಬೆಟ್ಟದ ಊರಲ್ಲಿ ಹಿಮ ಬೀಳೋಕೆ ಇನ್ನು ಮೂರೇ ವಾರ," ಎಂದ ಅವನು. "ಒಂದು ಸಲ ಬಿತ್ತು ಅಂದ್ರೆ ಎಲ್ಲ ಬೆಂದ ಹಾಗೆ ಮೆತ್ತಗಾಗಿಬಿಡುತ್ತೆ."

"ಅಂಗಡಿಗೆ ಹೋಗೋ ಮುಂಚೆ ನಾನು ಬಂದು ನೋಡ್ತೀನಿ," ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಮರುದಿನದಿಂದ ಅದೇ ಕೆಲಸ. ಅವನಿಗೆ ಗಿಡದ ವಿಷಯ ಗೊತ್ತು, ಅವಳಿಗೆ ಬಣ್ಣ ಗೊತ್ತು. ಅವನು ಗಿಡಗಳ ತುದಿ ಚಿವುಟಿದ, ಹೊಸ ಹೂಗಳನ್ನು ಕಿತ್ತ, ನೀರು ಕಡಿಮೆ ಮಾಡಿದ.

"ಅಯ್ಯೋ, ಹೂವು ಯಾಕೆ ಕೀಳ್ತೀರಿ?"

"ಇನ್ನು ಅವು ಕಾಯಾಗಿ ಹಣ್ಣಾಗೋದು ಯಾವಾಗ? ಗಿಡಕ್ಕೆ ಇರೋ ಕಾಯಿನೇ ಸಾಕು. ಅದಕ್ಕೂ ಗೊತ್ತಾಗಲಿ, ಹೊತ್ತು ಮೀರ್ತಿದೆ ಅಂತ."

ಮಾತು ಗಿಡದ್ದೇ. ಆದರೂ ಮೂವತ್ತಾರು ದಾಟಿದ ಅವಳು ಸುಮ್ಮನೆ ಬೇರೆ ಕಡೆ ನೋಡಿದಳು.

ಅವಳು ಪ್ರತಿ ಕಾಯಿಯ ಬಣ್ಣ ಹೇಳುವಾಗ ಅವನು ಕಾಯಿಯನ್ನು ನೋಡುತ್ತಿರಲಿಲ್ಲ, ಅವಳ ಬಾಯನ್ನೇ ನೋಡುತ್ತಿದ್ದ. ಅವಳು ತಟ್ಟನೆ ತಿರುಗಿದರೆ ದಾರ ಹುಡುಕುವ ನಾಟಕ. ದಾರ ಅವನ ಕಿವಿಯ ಮೇಲೇ ಇರುತ್ತಿತ್ತು, ಪೆನ್ಸಿಲ್ಲಿನ ಪಕ್ಕದಲ್ಲಿ.

"ಇದು ಈಗ ತಾನೇ ಹಳದಿಗೆ ತಿರುಗ್ತಿದೆ," ಎನ್ನುವಳು.

"ಹಳದಿ ನನಗೂ ಕಾಣುತ್ತೆ ಮೇಡಂ. ಅದರಾಚೆಗಿಂದು ಹೇಳಿ."

"ಅದರಾಚೆಗಿಂದು... ಬಿಸಿಲಲ್ಲಿ ನಿಂತು ಬಂದವರ ಕೆನ್ನೆ ಥರ."

"ನಿಮ್ಮ ಕೆನ್ನೆ ಈಗ ಹಾಗಿದೆಯಾ?"

"ಟೊಮೇಟೊ ನೋಡ್ರೀ ನೀವು!"

ಮನೆಯಲ್ಲಿ ಅಮ್ಮನಿಗೆ ಹಬ್ಬವೋ ಹಬ್ಬ. ಒಂದು ಬೆಳಗ್ಗೆ ಅವಳು ಮೂರನೆಯ ಸಲ ಬಟ್ಟೆ ಬದಲಿಸಿ ಕನ್ನಡಿಯ ಮುಂದೆ ನಿಂತಿದ್ದಾಗ ಅಮ್ಮ ಕೇಳಿದರು: "ಯಾವುದಾದ್ರೇನೇ? ಅವನಿಗೆ ಹೇಗೂ ಬಣ್ಣ ತಿಳಿಯಲ್ವಲ್ಲ."

"ನಿನಗೆ ಯಾರು ಹೇಳಿದ್ದು?"

"ನೀನೇ ನಿದ್ದೆಯಲ್ಲಿ ಬಡಬಡಿಸ್ತೀಯ. ಹೋಗು, ಯಾರಿಗೂ ಹೇಳಲ್ಲ."

ಹಿಮ ಮಾತ್ರ ಮೂರು ವಾರ ಕಾಯಲಿಲ್ಲ. ಹದಿನೈದನೆಯ ದಿನವೇ ರೇಡಿಯೋದಲ್ಲಿ ಎಚ್ಚರಿಕೆ ಬಂತು. ಅವಳು ಅಂಗಡಿಯನ್ನು ನಾಲ್ಕಕ್ಕೇ ಮುಚ್ಚಿ ಓಡಿಬಂದಳು. ಇಬ್ಬರೂ ಬೆರಳು ಮರಗಟ್ಟುವ ಚಳಿಯಲ್ಲಿ ಕತ್ತಲಾಗುವುದರೊಳಗೆ ಉಳಿದ ಕಾಯಿಗಳನ್ನೆಲ್ಲ ಕಿತ್ತರು. ಯಾರೋ ಗಿರಾಕಿಗಾಗಿ ಅವನು ಮಾಡುತ್ತಿದ್ದ ಬೀರುವಿನಲ್ಲಿ ನಾಲ್ಕು ಡ್ರಾಯರ್. ಅವಕ್ಕೆ ಪೇಪರ್ ಹಾಸಿ, ಒಂದಕ್ಕೊಂದು ತಾಗದಂತೆ ಕಾಯಿಗಳನ್ನಿಟ್ಟು, ಒಂದೊಂದರಲ್ಲೂ ಒಂದು ಬಾಳೆಹಣ್ಣು ಇರಿಸಿದರು. "ಹಣ್ಣಿನ ಜೊತೆಗಿದ್ರೆ ಕಾಯಿಗೂ ಹಣ್ಣಾಗೋ ಆಸೆ ಬರುತ್ತೆ," ಎಂದ ಬಡಗಿ.

ಮೊದಲ ಡ್ರಾಯರ್ ಒಂದು ವಾರದಲ್ಲಿ ಹಣ್ಣಾಯಿತು. ಎರಡನೆಯದು, ಮೂರನೆಯದೂ ಆಯಿತು. ಬೀದಿಯವರಿಗೆಲ್ಲ ಹಂಚಿದರು. ಉಳಿದದ್ದು ಕೆಳಗಿನದೊಂದೇ.

ಒಂದು ಶುಕ್ರವಾರ ಅದನ್ನು ಎಳೆದವಳು ಹಾಗೇ ನಿಂತಳು. ಇಪ್ಪತ್ತು ಹಣ್ಣು, ಇಪ್ಪತ್ತೂ ಕೆಂಪು. ಇವನ್ನು ಹಂಚಿಬಿಟ್ಟರೆ ಮುಗಿಯಿತು. ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು? ಏನೆಂದು ಹೋಗುವುದು?

"ಹೇಗಿವೆ ಮೇಡಂ?" ಎಂದ ಅವನು, ಹಲಗೆ ಕೀಸುತ್ತಿದ್ದ ಉಜ್ಜುಗೊರಡು ನಿಲ್ಲಿಸಿ.

"ಇನ್ನೆರಡು ದಿನ ಬೇಕು," ಎಂದು ಡ್ರಾಯರ್ ತಳ್ಳಿಬಿಟ್ಟಳು.

ಜೀವನವಿಡೀ ಕಣ್ಣಿಗೆ ಕಂಡದ್ದನ್ನೇ ಹೇಳಿಸುವ ಕೆಲಸ ಅವಳದು. ಬಣ್ಣ ಕಾಣದವನ ಎದುರು ಸುಳ್ಳು ಹೇಳಿದೆನಲ್ಲ ಎಂದು ದಿನವೆಲ್ಲ ಚುಚ್ಚುತ್ತಿತ್ತು. ಆದರೂ ಭಾನುವಾರ ಅದನ್ನೇ ಹೇಳಿದಳು. ಸೋಮವಾರವೂ ಹೇಳಿದಳು.

ಮಂಗಳವಾರ ಹೋದಾಗ ಕೆಲಸದ ಕೋಣೆಯಲ್ಲಿ ಹೊಸ ದನಿ. ಅಕ್ಕ ಹಿಂದಿನ ಸಂಜೆ ಬಂದಿಳಿದಿದ್ದಳು. ಕೆಳಗಿನ ಡ್ರಾಯರ್ ಎಳೆದಿಟ್ಟುಕೊಂಡು ತಮ್ಮನ ಮೇಲೆ ಕೂಗಾಡುತ್ತಿದ್ದಳು.

"ಕೆಂಡದ ಹಾಗೆ ಕೆಂಪಗಿವೆಯಲ್ಲೋ! ಎರಡು ಒಡೆದೂ ಹೋಗಿವೆ. ಇನ್ನೂ ಆಗಿಲ್ಲ ಅಂತ ಯಾವ ಪುಣ್ಯಾತ್ಮರು ಹೇಳಿದ್ದು ನಿನಗೆ?"

ಅವಳು ಬಾಗಿಲಲ್ಲೇ ನಿಂತಳು. ಬಡಗಿ ಅವಳನ್ನು ನೋಡಿದ.

"ಯಾರೂ ಹೇಳಿಲ್ಲ ಅಕ್ಕ. ಇರಲಿ ಅಂತ ನಾನೇ ಇಟ್ಟಿದ್ದೆ."

ಅಕ್ಕ ತಮ್ಮನನ್ನು ನೋಡಿದಳು, ಬಾಗಿಲತ್ತ ನೋಡಿದಳು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದು ಅಕ್ಕ ಹೋದ ಮೇಲೆ ಕೇಳಿಸಿತು.

"ನಿಮಗೆ ಗೊತ್ತಿತ್ತಾ?" ಎಂದಳು ಅವಳು ಮೆಲ್ಲಗೆ.

"ಶುಕ್ರವಾರದಿಂದಲೇ. ಗಿಡದಲ್ಲಿದ್ದಾಗ ಎಲೆಯ ಘಾಟಿಗೆ ಏನೂ ತಿಳೀತಿರ್ಲಿಲ್ಲ. ಮುಚ್ಚಿದ ಡ್ರಾಯರ್ ತೆಗೆದ್ರೆ ಕೋಣೆಗೆಲ್ಲ ಹಣ್ಣಿನ ವಾಸನೆ ಘಮ್ಮಂತ ಬರ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವು ಯಾಕೆ ಸುಳ್ಳು ಹೇಳಿದ್ರಿ?"

ಅವಳು ಮೇಜಿನ ಮೇಲಿದ್ದ ಕೀಸಿದ ಮರದ ಸುರುಳಿಯೊಂದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮತ್ತೆ ಸುತ್ತಿದಳು.

"ಹಣ್ಣು ಮುಗಿದ್ರೆ ಬರೋಕೆ ನೆಪ ಇರಲ್ವಲ್ಲ."

"ನೆಪ ಯಾಕೆ ಬೇಕು? ನೀನು ಬಂದ್ರೆ ಸಾಕು." ಹೇಳಿದವನೇ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು. ನೀವು ಬಂದ್ರೆ..."

"ಇರಲಿ ಬಿಡಿ," ಎಂದಳು. ಆಮೇಲೆ, ಮೊದಲ ಸಲ ನೇರವಾಗಿ ಅವನ ಕಣ್ಣನ್ನೇ ನೋಡುತ್ತ, "ಇರಲಿ ಬಿಡು," ಎಂದಳು.

ಅವನು ನಕ್ಕ. ಎಡ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಅವಳಿಗೆ ಗೊತ್ತಾದದ್ದು ಆಗಲೇ.

"ನಿಮ್ಮಮ್ಮನ ಹತ್ತಿರ ಬಂದು ಮಾತಾಡ್ಲಾ?"

"ಸಂಜೆ ಬಾ. ಅವರು ಎಂದಿನಿಂದಲೋ ಕಾಯ್ತಿದ್ದಾರೆ."

ಒಡೆದ ಹಣ್ಣುಗಳಲ್ಲೊಂದನ್ನು ಅವನು ಎರಡು ಭಾಗ ಮಾಡಿ ಅರ್ಧ ಅವಳ ಕೈಗಿಟ್ಟ. ರಸ ಮಣಿಕಟ್ಟಿಗೆ ಹರಿಯಿತು. ಇಬ್ಬರೂ ಕೆಲಸದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ನಿಧಾನವಾಗಿ ತಿಂದರು. ಎರಡನೆಯದನ್ನೂ ತಿಂದರು.

ದಿನಾ ಒಂಬತ್ತಕ್ಕೆ ತೆರೆಯುವ ಕನ್ನಡಕದ ಅಂಗಡಿಯ ಬಾಗಿಲು ಅಂದು ತೆರೆಯುವಾಗ ಹನ್ನೊಂದು ಹೊಡೆದಿತ್ತು.