ಪೈಲವಾನನ ಕಾಲು

ಗಂಡನ ಎರಡನೇ ಮದುವೆಯ ಮಾತುಕತೆಗೆ ಬಂದವರಿಗೆ ಅವಲಕ್ಕಿ ಒಗ್ಗರಣೆ ಹಾಕುವ ಕೆಲಸವೂ ಸುಮಲತಾಳ ಪಾಲಿಗೇ ಬಂದಿತ್ತು! ರಾಯಾಪುರದ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಹೊಸ ಜಮಖಾನ ಹಾಸಿತ್ತು. ಅದರ ಮೇಲೆ ಬೀಗನಾಗಲು ಬಂದ ಮುರುಗೆಪ್ಪ ಕಾಲು ಚಾಚಿ ಕೂತಿದ್ದ. ಅವನ ಬೆನ್ನಿಗೆ ಆತುಕೊಂಡಂತೆ ಮಗಳು ಸೃಷ್ಟಿ, ಇನ್ನೂ ಕಾಲೇಜಿಗೆ ಹೋಗುವ ಹುಡುಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಎದುರಿಗೆ ಮದುಮಗ ಮಾಲತೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಲ ನೋಡುತ್ತಿದ್ದ. ಆ ಅಂಗಿಗೆ ಇಸ್ತ್ರಿ ಮಾಡಿದವಳೂ ಸುಮಲತಾಳೇ.

"ಲಗೂ ತಾ ಅವಲಕ್ಕಿ! ಎಷ್ಟೊತ್ತು ಒಗ್ಗರಣಿ ಹಾಕ್ತೀ?" ಅತ್ತೆ ದುರಗವ್ವ ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದಳು. "ಮತ್ತ ಆ ಹುಡುಗನ್ನ ಹೊರಗ ಬಿಟ್ಟಿ ಅಂದ್ರ ನೋಡು... ಬೀಗರ ಕಣ್ಣಿಗೆ ಬೀಳಬಾರದು ಅವ."

ಆ ಹುಡುಗ! ತನ್ನ ಮಗ ಹನಮೇಶ! ಹಿತ್ತಲ ಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು ಒಬ್ಬನೇ ಕೂತಿದ್ದಾನೆ, ಕದ್ದ ಮಾಲಿನ ಹಾಗೆ! ಸುಮಲತಾ ಸೌಟನ್ನು ಬಾಣಲೆಗೆ ಠಣ್ಣನೆ ಬಡಿದಳು. ಅಳು ಮುಗಿದು ಎಷ್ಟೋ ತಿಂಗಳಾಗಿತ್ತು, ಈಗ ಉಳಿದಿದ್ದು ಸಿಟ್ಟು ಮಾತ್ರ.

ದುರಗವ್ವ ಅವಳಿಗೆ ಬರೀ ಅತ್ತೆಯಲ್ಲ, ಹೆತ್ತ ತಾಯಿಯ ತಾಯಿ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಈ ಕಡೆ ಹೊಸತೇನಲ್ಲ. ದುರಗವ್ವನ ಹಿರಿಯ ಮಗಳು ಕಸ್ತೂರೆವ್ವನ ಕೂಸು ಸುಮಲತಾ, ಕಸ್ತೂರೆವ್ವನ ತಮ್ಮ ಮಾಲತೇಶ. "ಮನಿ ಹುಡುಗಿ ಮನ್ಯಾಗ ಇರ್ಲಿ" ಎಂದು ಮುದುಕಿಯೇ ಹಟ ಹಿಡಿದು ಮಾಡಿಸಿದ ಮದುವೆ. ತಲೆ ಬಾಚಿದವಳು, ತುತ್ತು ಕೊಟ್ಟವಳು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು. ಲಗ್ನವಾದ ಮೇಲೂ ಸುಮಲತಾ ಅಜ್ಜಿಯನ್ನು "ಆಯಿ" ಎಂದೇ ಕರೆದಳು, ಗಂಡನನ್ನು "ಮಾಮಾ" ಎಂದೇ ಕರೆದಳು.

ಹನಮೇಶ ಹುಟ್ಟಿ ನಡೆಯತೊಡಗಿದಾಗ ಮುದುಕಿಯ ಸಂಭ್ರಮ ಹೇಳತೀರದು. ಹುಡುಗನ ಮೀನಖಂಡ ನೋಡಿ, ಎಷ್ಟು ದಪ್ಪ, ಎಷ್ಟು ಗಟ್ಟಿ! "ಪೈಲವಾನನ ಕಾಲು ಇವು! ನಮ್ಮ ಮನ್ಯಾಗ ಜಟ್ಟಿ ಹುಟ್ಟ್ಯಾನ!" ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಬೆಳಗಾದರೆ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಬಿಸಿ ಎಳ್ಳೆಣ್ಣೆ ತಿಕ್ಕಿದಳು. ಕೈ ಹಿಡಿದು ಗರಡಿಮನೆಗೆ ಕರೆದೊಯ್ದು ಕುಸ್ತಿ ಉಸ್ತಾದನಿಂದ ಹುಡುಗನ ಕಾಲು ಮುಟ್ಟಿ ನೋಡಿಸಿಕೊಂಡು ಬಂದಳು. ಅದೇ ಹುಡುಗ ನೆಲದಿಂದ ಏಳುವಾಗ ಎರಡೂ ಕೈಯನ್ನು ಮೊಣಕಾಲಿಗೆ ಊರಿ, ತನ್ನ ಮೈಯನ್ನು ತಾನೇ ಹತ್ತುವಂತೆ ಏಳುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಸಾಲೆಯ ಮೆಟ್ಟಿಲಲ್ಲಿ ಬಿದ್ದು ಬಿದ್ದು ಹಣೆ ಒಡೆದುಕೊಂಡ ಮೇಲೆ ಹುಬ್ಬಳ್ಳಿಯ ಡಾಕ್ಟರು ನೋಡಿ ಹೇಳಿದರು: ಇದು ಸ್ನಾಯು ಸವೆಯುವ ರೋಗ, ರಕ್ತದಲ್ಲೇ ಬಂದದ್ದು, ತಾಯಿಯ ಕಡೆಯಿಂದ ಬರುತ್ತದೆ, ಸದ್ಯಕ್ಕೆ ಗುಣವಾಗುವ ಔಷಧವಿಲ್ಲ.

ತಾಯಿಯ ಕಡೆಯಿಂದ... ಅಷ್ಟು ಸಾಕಾಯಿತು ದುರಗವ್ವನಿಗೆ!

"ನಿಮ್ಮಪ್ಪನ ಕುಲದ್ದು ಇದು! ಆ ಹಮಾಲನ ಹೊಲಸು ರಕ್ತ ತಂದು ನನ್ನ ಮನಿ ಹಾಳ ಮಾಡಿದಿ!" ಎಂದು ಅಂದೇ ಅಂಗಳದಲ್ಲಿ ನಿಂತು ಕೂಗಿದಳು. ಸುಮಲತಾಳ ಅಪ್ಪ ಹುಬ್ಬಳ್ಳಿಯ ದಲಾಲಿ ಅಂಗಡಿಗಳಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಜೀವ ಸವೆಸಿ ಸತ್ತವನು. ಸತ್ತ ಮೇಲೂ ಆ ಬಡಪಾಯಿಗೆ ಬೈಗುಳ ತಪ್ಪಲಿಲ್ಲ. ಕಸ್ತೂರೆವ್ವ ಮಗಳನ್ನು ನೋಡಲು ಬಂದರೆ ಹಿತ್ತಲ ಬಾಗಿಲಿನಿಂದ ಬರಬೇಕು, ನಿಂತೇ ಮಾತಾಡಿ ಹೋಗಬೇಕು. ಎಣ್ಣೆಯ ಬಟ್ಟಲು ಅಟ್ಟ ಸೇರಿತು. ಹುಡುಗ "ಆಯಿ, ಎಣ್ಣಿ" ಎಂದು ಕಾಲು ಚಾಚಿದರೆ ಮುದುಕಿ ಮುಖ ತಿರುವಿ ಎದ್ದು ಹೋಗುತ್ತಿದ್ದಳು. ಸುಮಲತಾಳಿಗಂತೂ ಕಟ್ಟಪ್ಪಣೆಯಾಯಿತು: "ಇವತ್ತಿನಿಂದ ನನ್ನ ಆಯಿ ಅನಬ್ಯಾಡ. ಅತ್ತಿ ಅನ್ನು. ನಿನ್ನ ರಕ್ತಕ್ಕೂ ನನ್ನ ರಕ್ತಕ್ಕೂ ಸಂಬಂಧಿಲ್ಲ!"

ಮಾಲತೇಶನೋ? ವರ್ಕ್‌ಶಾಪಿನಲ್ಲಿ ಲಾರಿಯ ಕಬ್ಬಿಣ ಬೆಸೆಯುವ ಗಂಡಸು, ಮನೆಯಲ್ಲಿ ತಾಯಿಯ ಮುಂದೆ ತುಟಿ ಬಿಚ್ಚಲಾರ. "ಸುಮ್ನಿರು ಸುಮಾ, ಅವ್ವಗ ವಯಸ್ಸಾಗೇತಿ" ಎನ್ನುವುದೊಂದೇ ಅವನಿಗೆ ಬರುತ್ತಿದ್ದ ಮಾತು. ಕೊನೆಗೆ ಮುದುಕಿ, ತೀರಿಹೋದ ತನ್ನ ಕಿರಿಯ ಮಗಳ ಮಗಳು ಸೃಷ್ಟಿಯನ್ನು ಸೊಸೆಯಾಗಿ ತರುತ್ತೇನೆಂದಾಗಲೂ ಸುಮ್ಮನಿದ್ದ. "ಇದು ಅಪ್ಪಟ ನಮ್ಮ ರಕ್ತ. ಇದಕ್ಕ ಗಟ್ಟಿಮುಟ್ಟಾದ ಕೂಸು ಹುಟ್ತೈತಿ. ಆಮ್ಯಾಲೆ ಇಕಿ ಮಗನ್ನ ಕಟಗೊಂಡು ತವರಿಗೆ ಹೋಗ್ಲಿ!" ಎಂದಾಗಲೂ ಸುಮ್ಮನಿದ್ದ!

ಇದೆಲ್ಲದರ ನಡುವೆ ಧಾರವಾಡದಿಂದ ನಿರುಪಮಾ ಮೇಡಂ ಬಂದು ಹೋಗಿದ್ದರು. ಇಂಥ ಮಕ್ಕಳಿರುವ ಮನೆಗಳನ್ನು ಹುಡುಕಿ ರಕ್ತ ಪರೀಕ್ಷಿಸುವ ಸಂಶೋಧಕಿ. ಹನಮೇಶನದು, ಸುಮಲತಾಳದು, ಕಸ್ತೂರೆವ್ವನದು ತೆಗೆದುಕೊಂಡು, "ಮನಿಯ ಹಿರಿಯರದೂ ಸಿಕ್ಕರ ಛಲೋ" ಎಂದು ಹೇಳಿ ಮುಗಿಸುವುದರೊಳಗೆ ದುರಗವ್ವ ಬಳೆ ಸರಿಸಿ ಕೈ ಚಾಚಿದ್ದಳು. "ತಗೋರಿ! ನನ್ನ ರಕ್ತ ಬಂಗಾರ ಐತಿ. ಯಾರದು ಹೊಲಸು ಅನ್ನೂದು ಊರಿಗೆಲ್ಲ ಗೊತ್ತಾಗ್ಲಿ!" ಆ ಮೇಡಮ್ಮನ ಫೋನು ಇವತ್ತು ಬೆಳಿಗ್ಗೆ ಬಂದಿತ್ತು. ಫಲಿತಾಂಶ ಸಿಕ್ಕಿದೆ, ಮಧ್ಯಾಹ್ನ ಬನ್ನಿ ಎಂದು.

ಸುಮಲತಾ ಅವಲಕ್ಕಿಯ ತಾಟನ್ನು ತಂದು ಮುರುಗೆಪ್ಪನ ಮುಂದೆ ಇಟ್ಟಳು. ಆಮೇಲೆ ಹಿತ್ತಲ ಕೋಣೆಗೆ ಹೋಗಿ ಮಗನನ್ನು ಎತ್ತಿಕೊಂಡು ಬಂದು, ಹೊಸ ಜಮಖಾನದ ನಟ್ಟ ನಡುವೆ ಕೂರಿಸಿದಳು!

"ಕಾಕಾ, ಇವ ನನ್ನ ಮಗ. ಇವನ್ನ ನೋಡಿ ಮಾತಾಡ್ರಿ."

"ಏ ಹಡಬಿಟ್ಟಿ! ಏನ ಮಾಡಾಕತ್ತೀ ನೀ?" ದುರಗವ್ವ ಎದ್ದೇಬಿಟ್ಟಳು.

"ಕೂಡ್ರಿ ಅತ್ತಿ!" ಸುಮಲತಾಳ ದನಿಗೆ ಮಾಲತೇಶ ಬೆಚ್ಚಿ ತಲೆಯೆತ್ತಿದ. "ಧಾರವಾಡದ ಮೇಡಮ್ಮಾರು ಕರದಾರ. ರಕ್ತದ ಪರೀಕ್ಷಾ ಮುಗದೈತಂತ. ಮಾತು ಪಕ್ಕಾ ಮಾಡಿ ಸಕ್ಕರಿ ಹಂಚೂದು ಆಮ್ಯಾಲೆ, ಮೊದಲ ಎಲ್ಲಾರೂ ಅದನ್ನ ಕೇಳೂಣು ನಡೀರಿ. ಒಲ್ಲೆ ಅಂದ್ರ ನಾ ನೆಟ್ಟಗ ಪೊಲೀಸ್ ಸ್ಟೇಶನ್ನಿಗೆ ಹೊಕ್ಕೇನಿ. ಹೇಂತಿ ಜೀವಂತ ಇರಬೇಕಾದ್ರ ಎರಡನೇ ಲಗ್ನ ಮಾಡಸಾವ್ರು, ಮಾಡ್ಕೊಳ್ಳಾವ್ರು, ಯಾರನ್ನೂ ಬಿಡಂಗಿಲ್ಲ!"

ಮುರುಗೆಪ್ಪನ ಬಾಯಿಗೆ ಹೋಗಬೇಕಾದ ಅವಲಕ್ಕಿ ಕೈಯಲ್ಲೇ ಉಳಿಯಿತು. ಆದರೆ ದುರಗವ್ವ ನಕ್ಕಳು. "ಹೋಗೂಣು ನಡಿ! ನಿನ್ನ ಮಾರಿ ಕರ್ರಗ ಆಗೂದನ್ನ ಬೀಗರೂ ನೋಡ್ಲಿ!"

ಮುರುಗೆಪ್ಪ ಬಾಡಿಗೆಗೆ ತಂದಿದ್ದ ಟ್ರ್ಯಾಕ್ಸ್ ಗಾಡಿಯಲ್ಲೇ ಎಲ್ಲರೂ ಧಾರವಾಡಕ್ಕೆ ಹೊರಟರು. ಮಗನನ್ನು ಎತ್ತಿಕೊಳ್ಳಲು ಮಾಲತೇಶ ಕೈ ಚಾಚಿದ. ಸುಮಲತಾ ಕೊಡಲಿಲ್ಲ.

ಬೇವಿನ ಮರಗಳ ನೆರಳಿನಲ್ಲಿದ್ದ ಆ ಪ್ರಯೋಗಾಲಯದಲ್ಲಿ ನಿರುಪಮಾ ಇಷ್ಟು ಜನರನ್ನು ಕಂಡು ಹಿಂಜರಿದರು. "ದುರಗವ್ವಾರ, ಇದು ನಿಮ್ಮ ಸ್ವಂತ ವಿಷಯ ಅದ. ನಿಮಗೊಬ್ಬರಿಗೇ ಒಳಗ ಹೇಳ್ಲೇನ್ರಿ?"

"ಯಾಕ ಒಳಗ? ಎಲ್ಲಾರ ಮುಂದ ಹೇಳ್ರಿ!"

"ನನ್ನದೂ ಹೇಳ್ರಿ ಮೇಡಂ," ಎಂದಳು ಸುಮಲತಾ. "ನಮ್ಮವ್ವನೂ ಹೂಂ ಅಂದಾಳ."

ಕಂಪ್ಯೂಟರಿನ ಪರದೆ ಬೆಳಗಿತು. ತುಂಬ ಚುಕ್ಕಿಗಳು, ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ ಸಾಲು ಸಾಲಾಗಿ. ಹೆಚ್ಚಿನವು ಹಳದಿ. ನಡುವೆ ಒಂದು ಕಡೆ ಮಾತ್ರ ಹಸಿರು.

"ಇದಕ್ಕ ಮೈಕ್ರೋಅರೇ ಅಂತಾರ್ರಿ," ನಿರುಪಮಾ ಪೆನ್ನಿನ ತುದಿಯಿಂದ ತೋರಿಸಿದರು. "ಗಾಜಿನ ಸಣ್ಣ ಪಟ್ಟಿ ಮ್ಯಾಲೆ ಸಾವಿರಾರು ಚುಕ್ಕಿ. ಒಂದೊಂದು ಚುಕ್ಕಿ ಜೀನಿನ ಒಂದೊಂದು ತುಣುಕನ್ನ ಹುಡುಕ್ತದ. ಹನಮೇಶನ ರಕ್ತದಾಗಿನ ಡಿಎನ್‌ಎಗೆ ಕೆಂಪು ಬಣ್ಣ, ರೋಗ ಇಲ್ಲದವರ ಡಿಎನ್‌ಎಗೆ ಹಸಿರು ಬಣ್ಣ ಹಚ್ಚಿ, ಎರಡೂ ಕೂಡಿಸಿ ಇದರ ಮ್ಯಾಲೆ ಬಿಟ್ಟೇವಿ. ಇಬ್ಬರಲ್ಲೂ ಆ ತುಣುಕು ಇದ್ರ ಹಳದಿ ಕಾಣ್ತದ. ಬರೇ ಹಸಿರು ಕಂಡ್ರ ಇವನಲ್ಲಿ ಆ ತುಣುಕು ಇಲ್ಲ ಅಂತ ಅರ್ಥ. ಸ್ನಾಯು ಕಾಯಲಿಕ್ಕೆ ಒಂದು ಪ್ರೋಟೀನ್ ಬೇಕು. ಅದನ್ನ ತಯಾರಿಸೂ ಜೀನಿನಾಗ ಇಷ್ಟು ಭಾಗ ಹಾರಿಹೋಗ್ಯದ. ಪ್ರೋಟೀನ್ ಇಲ್ಲದ ಸ್ನಾಯು ಸವೀತದ, ಆ ಜಾಗಾದಾಗ ಕೊಬ್ಬು ತುಂಬ್ತದ. ಅದಕ್ಕ ಮೀನಖಂಡ ಪೈಲವಾನನಂಗ ದಪ್ಪ ಕಾಣ್ತದ, ಒಳಗ ಶಕ್ತಿ ಇರೂದಿಲ್ಲ."

"ಅದೆಲ್ಲಾ ಇರ್ಲಿ. ಯಾರ ಕಡಿಂದ ಬಂತು, ಅದನ್ನ ಹೇಳ್ರಿ," ಎಂದಳು ದುರಗವ್ವ.

ನಿರುಪಮಾ ಮತ್ತೊಂದು ಚಿತ್ರ ತೆರೆದರು. ಅದೇ ಜಾಗದ ಚುಕ್ಕಿಗಳು ಇಲ್ಲಿ ಅರೆಹಸಿರು. "ಇದು ಸುಮಲತಾಂದು. ಹೆಂಗಸರಿಗೆ ಈ ಜೀನು ಎರಡು ಇರ್ತಾವ. ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸ್ತದ. ಗಂಡಸರಿಗೆ ಒಂದ, ಅದೂ ತಾಯಿಯಿಂದ ಬಂದದ್ದು." ಇನ್ನೊಂದು ಚಿತ್ರ. "ಇದು ಕಸ್ತೂರೆವ್ವಾರದು. ಅಲ್ಲೇ, ಅಷ್ಟ ಚುಕ್ಕಿ ಅರೆಹಸಿರು."

"ಮತ್ತ ಇಕಿ ಅಪ್ಪ? ಆ ಹಮಾಲ?"

"ಅವರಲ್ಲಿ ಈ ದೋಷ ಇದ್ದಿದ್ರ ಅವರು ಚೀಲ ಹೊರೂದು ದೂರ ಉಳೀತು, ಎದ್ದು ನಿಂದರ್ಲಿಕ್ಕೂ ಆಗ್ತಿರಲಿಲ್ಲ. ಅವರ ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ." ನಿರುಪಮಾ ಒಂದು ಗಳಿಗೆ ತಡೆದು ಕೊನೆಯ ಚಿತ್ರ ತೆರೆದರು. ಅವೇ ಚುಕ್ಕಿಗಳು. ಅದೇ ಅರೆಹಸಿರು. "ಇದು ನಿಮ್ಮದ್ರಿ, ದುರಗವ್ವಾರ."

ಮುದುಕಿ ಪರದೆಯ ಹತ್ತಿರ ಹೋಗಿ, ಅಕ್ಷರ ಬಾರದವಳು, ಆ ಚುಕ್ಕಿಗಳನ್ನು ಬೆರಳಿನಿಂದ ಒರೆಸಿ ನೋಡಿದಳು. ಅವು ಹೋಗಲಿಲ್ಲ.

"ಮತ್ತ... ನಾ?" ಎಂದು ಮಾಲತೇಶ ತೊದಲಿದ.

"ನಿಮ್ಮ ತಾಯಿಯವರ ಛಲೋ ಜೀನು ನಿಮಗ ಬಂತು. ಇನ್ನೊಂದು ನಿಮ್ಮಕ್ಕಗ ಬಂತು. ಇದರಾಗ ಯಾರ ತಪ್ಪೂ ಇಲ್ರಿ. ಈ ಹುಡುಗಿ ತಾಯಿಗೂ ಬಂದಿದ್ದರ ಇಕಿಗೂ ಬಂದಿರಬಹುದು, ಬರದೇನೂ ಇರಬಹುದು. ನೋಡಿದರ ತಿಳೀತದ."

ಸೃಷ್ಟಿ ಅಪ್ಪನ ಬೆನ್ನಿನಿಂದ ಈಚೆ ಬಂದಳು. "ನನ್ನ ರಕ್ತಾನೂ ತಗೋರಿ ಮೇಡಂ. ಮತ್ತ ಅಪ್ಪಾ... ಏನ ಬಂದ್ರೂ ನಾ ಅಕ್ಕನ ಮನಿಗೆ ಸವತಿ ಆಗಿ ಹೋಗಂಗಿಲ್ಲ."

ಆಗ ಸುಮಲತಾಳ ಸಿಟ್ಟಿನ ಕಟ್ಟೆ ಒಡೆಯಿತು.

"ಆಯೀ!" ಎಂದು ಕೂಗಿದಳು. "ಆಯಿ ಅನಬ್ಯಾಡ ಅಂದಿದ್ದೆಲ್ಲಾ? ಅಂತೇನಿ! ಆಯಿ! ಆಯಿ! ಆಯಿ! ಇಡೀ ಧಾರವಾಡಕ್ಕ ಕೇಳ್ಲಿ ನಾ ಯಾರ ರಕ್ತ ಅಂತ! ಸತ್ತ ನಮ್ಮಪ್ಪನ್ನ ದಿನಾ ಬೈದಿ! ನಮ್ಮವ್ವನ್ನ, ನೀ ಹಡದ ಮಗಳನ್ನ, ಹಿತ್ತಲದಾಗ ನಿಂದರಿಸಿದಿ! ನನ್ನ ಕೂಸು ಕಾಲು ಚಾಚಿದ್ರ ಮಾರಿ ತಿರುವಿದೆಲ್ಲಾ ಆಯಿ... ಅವಾ ಏನ ಮಾಡಿದ್ದ ನಿನಗ?" ಗಂಡನತ್ತ ತಿರುಗಿದಳು. "ಮತ್ತ ನೀ ಮಾಮಾ! ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತಿದ್ದೀ! ನಿನಗ ಯಾವ ರೋಗ ಬಡದಿತ್ತು?"

ದುರಗವ್ವ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತಿದ್ದಳು. ಯಾರಿಗೋ ಹೇಳುವಂತೆ ಬಾಯಿಬಿಟ್ಟಳು.

"ನಮ್ಮ ಬೀರಲಿಂಗಪ್ಪಂದೂ ಹಿಂಗ ಇದ್ದು ಕಾಲು... ನಮ್ಮಣ್ಣಂದು. ಪೈಲವಾನ ಆಗ್ತಾನ ಅಂತ ನಮ್ಮಪ್ಪ ಬೆಣ್ಣಿ ತಿನಿಸಿದ್ದ. ಆಮ್ಯಾಲೆ ಏಳಾಕ ಆಗವಲ್ದಾತು. ಮೀಸಿ ಮೂಡೂದ್ರಾಗ ಸತ್ತ. ನಮ್ಮವ್ವನ ಪಾಪಕ್ಕ ದೇವರು ಮುನಿದ ಅಂತ ಅಪ್ಪ ಆಕೀನ ಮನಿ ಬಿಡಿಸಿ, ಇನ್ನೊಬ್ಬಾಕೀನ ತಂದ. ಅವ್ವ ಹೋಗಬೇಕಾದ್ರ ನನ್ನ ಕೈ ಹಿಡಿಯಾಕ ಬಂದ್ಲು... ನಾ ಹಿಂದಕ ಸರದೆ. ಪಾಪಿ ಅಂದೆ. ಹಡದವ್ವಗ ಪಾಪಿ ಅಂದೆ! ಎಲ್ಲಿ ಸತ್ಲೋ... ಯಾರು ಮಣ್ಣ ಕೊಟ್ರೋ..." ಮುದುಕಿ ಎದೆ ಬಡಿದುಕೊಂಡಳು. "ಪಾಪ ಇರಲಿಲ್ಲೇನ್ರಿ ಮೇಡಂ? ಆಕಿದೇನೂ ಪಾಪ ಇರಲಿಲ್ಲೇನ್ರಿ?"

"ಏನೂ ಇರಲಿಲ್ರಿ," ಎಂದರು ನಿರುಪಮಾ.

ದುರಗವ್ವ ಅಂಬೆಗಾಲಿಟ್ಟು ಬಂದು ಮೊಮ್ಮಗಳ ಪಾದಕ್ಕೆ ಕೈ ಚಾಚಿದಳು. ಸುಮಲತಾ ಸರಕ್ಕನೆ ಹಿಂದೆ ಸರಿದಳು.

"ನನ್ನ ಕಾಲು ಮುಟ್ಟಬ್ಯಾಡ! ನನಗ ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ, ಇಷ್ಟು ಲಗೂ ಹೋಗೂದೂ ಇಲ್ಲ. ಹಿಡಿಯೂದಿದ್ರ ಅವನ ಕಾಲು ಹಿಡಿ!"

ಮುದುಕಿ ತಿರುಗಿ, ಬೆಂಚಿನ ಮೇಲೆ ಕೂತಿದ್ದ ಹನಮೇಶನ ಎರಡೂ ಮೀನಖಂಡವನ್ನು ಕೈಯಲ್ಲಿ ಹಿಡಿದು ಅದಕ್ಕೆ ಹಣೆ ಹಚ್ಚಿದಳು. ಇಷ್ಟು ಹೊತ್ತು ದೊಡ್ಡವರ ಕೂಗಾಟಕ್ಕೆ ಮುದುಡಿಕೊಂಡಿದ್ದ ಹುಡುಗನಿಗೆ ಏನು ಅರ್ಥವಾಯಿತೋ ಏನೋ. ಬಗ್ಗಿ ಅವಳ ಕಿವಿಯ ಹತ್ತಿರ ಕೇಳಿದ.

"ಆಯಿ, ಎಣ್ಣಿ ತಂದೀ ಏನ?"

ಆ ಮಾತಿಗೆ ಮಾಲತೇಶ ಗೋಡೆಗೆ ಮುಖ ಮಾಡಿ ಅತ್ತ. ಗಂಡಸಾಗಿ ಅವನು ಮಾಡಿದ ಮೊದಲ ಒಳ್ಳೆಯ ಕೆಲಸ ಅದೇ ಇರಬೇಕು. ಹೊರಡುವಾಗ ಅವನು ಮತ್ತೆ ಕೈ ಚಾಚಿದ, ಸುಮಲತಾ ಈ ಸಲ ಮಗನನ್ನು ಕೊಟ್ಟಳು. "ನಾಳಿಯಿಂದ ಸಾಲಿಗೆ ನೀನ ಹೊತ್ಕೊಂಡು ಹೋಗಬೇಕು," ಎಂದಳು. "ಓಣಿ ನೋಡ್ಲಿ." ಅವನು ಹೂಂ ಎಂದ.

ಮರುದಿನ ಬೆಳಿಗ್ಗೆ ಕಸ್ತೂರೆವ್ವ ರಾಯಾಪುರದ ಮನೆಗೆ ಮುಂಬಾಗಿಲಿನಿಂದ ಬಂದು ಜಮಖಾನದ ಮೇಲೆ ಕೂತಳು. ದುರಗವ್ವ ಮಗಳ ಮುಂದೆ ನೀರಿನ ತಂಬಿಗೆ ತಂದಿಟ್ಟಳು. ಯಾರ ಮನಸ್ಸೂ ಇನ್ನೂ ಹಗುರಾಗಿರಲಿಲ್ಲ. ರೋಗವೂ ಎಲ್ಲಿಗೂ ಹೋಗಿರಲಿಲ್ಲ. ಹುಡುಗ ಇನ್ನು ಎಷ್ಟು ದಿನ ನಡೆದಾನು ಎಂಬುದು ಸುಮಲತಾಳಿಗೆ ಚೆನ್ನಾಗಿ ಗೊತ್ತಿತ್ತು. ಅಟ್ಟದಿಂದ ಬಟ್ಟಲು ಇಳಿಸಿದ ದುರಗವ್ವ, ಮೊಮ್ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಡುಗೆಮನೆಯ ಕಡೆ ನೋಡುತ್ತ, ಎಣ್ಣೆ ಕೇಳುವ ಧೈರ್ಯವಿಲ್ಲದೆ ಕೂತೇ ಇದ್ದಳು.

ಸುಮಲತಾ ಬಂದು ಆ ಬಟ್ಟಲನ್ನು ಕಸಿದುಕೊಂಡು ಹೋದಳು. ಎಣ್ಣೆ ಬಿಸಿ ಮಾಡಿ ತಂದು ಮುದುಕಿಯ ಮುಂದೆ ಠಕ್ಕನೆ ಇಟ್ಟಳು.

"ಗಟ್ಟಿ ತಿಕ್ಕಬ್ಯಾಡ, ಆಯಿ," ಎಂದಳು. "ಪೈಲವಾನನ್ನ ಮಾಡೂದು ಏನೂ ಬ್ಯಾಡ. ಮೆತ್ತಗ ತಿಕ್ಕು."