ಇನ್ನೂರ ಹದಿಮೂರನೆಯ ಹೆಸರು

ಬೆಳಗ್ಗೆ ಒಂಬತ್ತೂವರೆಗೆ ಗುಮಾಸ್ತ ಬೀರುವಿನ ಬೀಗ ತೆಗೆದ. ಬೀಗ ಸರಿಯಾಗಿತ್ತು. ಹಸಿರು ಬಟ್ಟೆಯ ಗಂಟೂ ಸರಿಯಾಗಿತ್ತು. ಬಿಚ್ಚಿದರೆ ಒಳಗೆ ರಿಜಿಸ್ಟರ್ ಇರಲಿಲ್ಲ. ಅಷ್ಟೇ ಅಗಲದ, ಅಷ್ಟೇ ದಪ್ಪದ ಹಳೆಯ ಟೆಲಿಫೋನ್ ಡೈರೆಕ್ಟರಿ ಇತ್ತು.

ನಿವೃತ್ತ ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಎರಡು ವಿಮಾನ ಕಂಪನಿಗಳು ಒಂದಾಗಿ ಏಳು ತಿಂಗಳಾಗಿತ್ತು. ವಿಮಾನಗಳಿಗೆಲ್ಲ ಒಂದೇ ಬಣ್ಣ ಬಳಿದಾಗಿತ್ತು. ಪೈಲಟ್‌ಗಳ ಸೀನಿಯಾರಿಟಿ ಪಟ್ಟಿ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿತ್ತು. ಎರಡು ಪಟ್ಟಿ ಸೇರಿಸಿ ಒಂದು ಮಾಡುವ ಕೆಲಸ ನ್ಯಾಯಾಧೀಶರದ್ದು. ಚಿಕ್ಕ ಕಂಪನಿಯ ಪೈಲಟ್‌ಗಳು ಸೇರಿದ ದಿನ, ಹುಟ್ಟಿದ ದಿನ ಎಲ್ಲ ಇದ್ದದ್ದು ಆ ರಿಜಿಸ್ಟರಿನಲ್ಲಿ. ಮೊನ್ನೆ ತಾನೆ ಬಂದಿತ್ತು. ಇಂದು ಎಲ್ಲರ ಮುಂದೆ ಬಿಚ್ಚಬೇಕಿತ್ತು.

"ಸಂಜೆಯೊಳಗೆ ಸಿಗದಿದ್ದರೆ, ಕಂಪನಿ ಪ್ರತಿ ವರ್ಷ ಅಚ್ಚು ಹಾಕಿಸುತ್ತಿದ್ದ ಪಟ್ಟಿಯನ್ನೇ ಒಪ್ಪಿಕೊಳ್ಳುತ್ತೇನೆ" ಎಂದರು ನ್ಯಾಯಾಧೀಶರು. ಆಮೇಲೆ ಗುಮಾಸ್ತನ ಕಡೆ ತಿರುಗಿ, "ಡ್ಯೂಟಿ ಅಕ್ಕನನ್ನು ಕರೆಸಿ" ಎಂದರು.

ಚಿಕ್ಕ ಕಂಪನಿಯಲ್ಲಿ ಮೂವತ್ತು ವರ್ಷ ಯಾರು ಯಾವತ್ತು ಹಾರಬೇಕು ಎಂದು ಬರೆದಿಟ್ಟವರು ಅವರು. ಈಗ ನಿವೃತ್ತರು.

* * *

ಅಕ್ಕ ಮೊದಲು ಮಾತಾಡಿಸಿದ್ದು ಬಾಗಿಲ ಕಾವಲುಗಾರನನ್ನು.

"ನಿನ್ನೆ ಊಟದ ಹೊತ್ತಲ್ಲಿ ಯಾರು ಬಂದಿದ್ರಪ್ಪಾ?"

"ನಿಮ್ಮ ಕಂಪನಿಯ ಸಹಪೈಲಟ್ಟು, ಬಲಸೀಟು ಮಾವ ಬಂದಿದ್ರಮ್ಮಾ. ಗೋಡೆಗೆ ಅಂಟಿಸಿರೋ ಹೊಸ ಕರಡು ಪಟ್ಟಿ ನೋಡ್ತಾ ನಿಂತಿದ್ರು. ನನಗೂ ಒಂದು ಲೋಟ ಟೀ ತಂದ್ಕೊಟ್ರು."

"ಕೈಯಲ್ಲಿ ಏನಿತ್ತು?"

"ಹೋಗೋವಾಗ ಬರೀ ಫ್ಲಾಸ್ಕು."

"ಮತ್ಯಾರು?"

"ಕ್ಯಾಪ್ಟನ್ ಸಾಹೇಬ್ರು. ಅವ್ರು ದಿನಾ ಬರ್ತಾರಲ್ಲ, ಪೈಲಟ್ ಸಂಘದ ಅಧ್ಯಕ್ಷರು. ಅವರ ಕೈಯಲ್ಲೂ ಏನೂ ಇರ್ಲಿಲ್ಲ. ಡ್ಯೂಟಿ ಬ್ಯಾಗು ಅಷ್ಟೇ."

ಗುಮಾಸ್ತ ಊಟಕ್ಕೆ ಹೋಗುವಾಗ ಬೀರುವಿನ ಕೀಲಿಕೈಯನ್ನು ಮೊಳೆಗೆ ನೇತುಹಾಕಿ ಹೋಗುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

ದೊಡ್ಡ ಕಂಪನಿಯ ವಕೀಲರಿಗೆ ಅಷ್ಟೇ ಸಾಕಾಯಿತು. "ಆ ಬಲಸೀಟಿನವರದೇ ಕೆಲಸ. ಸೇರಿದ ದಿನಾಂಕ ಸುಳ್ಳು ಬರೆಸಿರ್ತಾರೆ. ಪೊಲೀಸರಿಗೆ ಕೊಡಿ."

"ಕೊಟ್ಟರೆ ಅವರ ಲೈಸೆನ್ಸ್ ಹೋಗುತ್ತೆ" ಎಂದರು ಅಕ್ಕ. "ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳು."

"ಕದಿಯೋಕೆ ಮುಂಚೆ ಅವರೂ ಅದನ್ನ ಎಣಿಸ್ಬೇಕಿತ್ತು."

* * *

ಬಲಸೀಟು ಮಾವ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ವಿಮಾನದಲ್ಲಿ ಎಡಸೀಟು ಕ್ಯಾಪ್ಟನ್‌ಗೆ, ಬಲಸೀಟು ಸಹಪೈಲಟ್‌ಗೆ. ಇಪ್ಪತ್ತೇಳು ವರ್ಷ ಬಲಗಡೆಯೇ ಕೂತವರಿಗೆ ಹುಡುಗರು ಪ್ರೀತಿಯಿಂದ ಇಟ್ಟ ಹೆಸರು ಅದು. ಯಾರ ಹೆಂಡತಿಗೆ ಹೆರಿಗೆ ಇದ್ದರೂ ಅವರ ಡ್ಯೂಟಿಯನ್ನು ತಾನು ಮಾಡುತ್ತೇನೆಂದು ಅಕ್ಕನಿಗೆ ಫೋನ್ ಮಾಡುತ್ತಿದ್ದವರು. ಕೂದಲು ಇನ್ನೂ ಕಪ್ಪಗೆ, ಒತ್ತಾಗಿತ್ತು.

"ಪಟ್ಟಿ ಯಾಕೆ ನೋಡ್ತಿದ್ರಿ?"

"ಎಡಸೀಟು ಇನ್ನೂರ ಹನ್ನೆರಡನೇ ಹೆಸರಿಗೆ ಮುಗಿಯುತ್ತೆ ಅಕ್ಕಾ. ನಾನು ಇನ್ನೂರ ಹದಿಮೂರು." ಅವರು ನಕ್ಕರು. "ನೋಡ್ತಾ ನಿಂತರೆ ಒಂದು ಮೇಲೆ ಹೋಗುತ್ತೇನೋ ಅಂತ."

ಅಕ್ಕ ಪಕ್ಕದಲ್ಲಿ ಕೂತರು.

"ನೆಲದ ಮೇಲೆ ವಿಮಾನ ತಿರುಗಿಸೋ ಚಕ್ರ ನಮ್ಮ ವಿಮಾನದಲ್ಲಿ ಎಡಗಡೆ ಮಾತ್ರ ಇರೋದು" ಎಂದರು ಮಾವ. "ಆಕಾಶದಲ್ಲಿ ಇಷ್ಟು ವರ್ಷ ಓಡಿಸಿದೀನಿ. ನೆಲದ ಮೇಲೆ ಒಂದು ದಿನ ತಿರುಗಿಸಿಲ್ಲ. ಹೇಳಿದ್ರೆ ಚಿಕ್ಕ ಮಕ್ಕಳ ಆಸೆ ಥರ ಇರುತ್ತೆ."

"ಇನ್ನೂರ ಹನ್ನೆರಡು ಯಾರು?"

"ಕ್ಯಾಪ್ಟನ್ ಅಣ್ಣ, ನಮ್ಮ ಸಂಘದ ಅಧ್ಯಕ್ಷರು. ನಾವಿಬ್ಬರೂ ಒಂದೇ ದಿನ ಸೇರಿದ್ದು. ಒಂದೇ ದಿನ ಸೇರಿದ್ರೆ ದೊಡ್ಡವರು ಮುಂದೆ ಅಂತ ನಿಯಮ ಅಲ್ವಾ? ಸೇರಿದ ಆರು ವರ್ಷಕ್ಕೆ ಒಂದೇ ಒಂದು ಎಡಸೀಟು ಖಾಲಿಯಾಯ್ತು. ಅವರಿಗೆ ಹೋಯ್ತು. ಆಮೇಲೆ ಕಂಪನಿ ವಿಮಾನ ಕೊಳ್ಳಲೇ ಇಲ್ಲ, ಕ್ಯಾಪ್ಟನ್‌ಗಳು ನಿವೃತ್ತರಾದ ಹಾಗೆ ಹಳೇ ವಿಮಾನಗಳೂ ಕಡಿಮೆಯಾದ್ವು."

"ಅವರು ನಿಮಗಿಂತ ದೊಡ್ಡವರು ಅಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಆಗಲೇ ಬೊಕ್ಕತಲೆ. ಸೇರೋ ದಿನ ಬೆಂಚಲ್ಲಿ ಜಾಗ ಬಿಟ್ಟುಕೊಟ್ರು. 'ಅಣ್ಣಾ, ನೀವು ಮೊದಲು ಸಹಿ ಹಾಕಿ' ಅಂದೆ. ಅವತ್ತಿಂದ ಅಣ್ಣ. ಅಣ್ಣ ಅಂದವರನ್ನ ವಯಸ್ಸು ಕೇಳೋಕಾಗುತ್ತಾ?"

ಅಕ್ಕ ಎದ್ದರು. "ನಾನು ಮನೆಗೆ ಹೋಗಿ ಬರ್ತೀನಿ. ನೀವು ಇಲ್ಲೇ ಇರಿ. ಊಟ ಮಾಡಿ."

* * *

ಸಂಜೆ ನಾಲ್ಕಕ್ಕೆ ಅಕ್ಕ ಎರಡು ಹಳೆಯ ಡೈರಿಗಳನ್ನು ಹಿಡಿದು ಬಂದರು. ನ್ಯಾಯಾಧೀಶರು, ವಕೀಲರು, ಕ್ಯಾಪ್ಟನ್, ಮಾವ, ಎಲ್ಲರೂ ಕೂತಿದ್ದರು.

"ಒಂದು ಸಣ್ಣ ಕೆಲಸ" ಎಂದರು ಅಕ್ಕ. "ಪೈಲಟ್‌ಗಳಿಬ್ಬರೂ ನಿಮ್ಮ ಲೈಸೆನ್ಸ್ ತೆಗೆದು ಮೇಜಿನ ಮೇಲಿಡಿ."

ಮಾವ ಜೇಬಿನಿಂದ ತೆಗೆದು ಇಟ್ಟೇಬಿಟ್ಟರು. ಕ್ಯಾಪ್ಟನ್ ಕೈ ಅಲುಗಲಿಲ್ಲ.

"ಲೈಸೆನ್ಸ್‌ನಲ್ಲಿ ಹುಟ್ಟಿದ ದಿನ ಇರುತ್ತೆ ಸಾರ್" ಎಂದು ಅಕ್ಕ ನ್ಯಾಯಾಧೀಶರಿಗೆ ಹೇಳಿದರು. "ಪೈಲಟ್‌ಗಳಿಗೆ ನಲವತ್ತು ತುಂಬೋವರೆಗೆ ವರ್ಷಕ್ಕೊಂದು ವೈದ್ಯಕೀಯ ಪರೀಕ್ಷೆ. ತುಂಬಿದ ಮೇಲೆ ಆರು ತಿಂಗಳಿಗೊಂದು. ಆ ದಿನ ಅವರಿಗೆ ಡ್ಯೂಟಿ ಹಾಕೋ ಹಾಗಿಲ್ಲ, ಅದಕ್ಕೆ ನಾನು ಗುರುತು ಮಾಡಿಡ್ತಿದ್ದೆ. ನೋಡಿ, ಈ ಹಳೇ ಡೈರಿಯ ವರ್ಷ ಮಾವನಿಗೆ ಎರಡು ಗುರುತು. ಕ್ಯಾಪ್ಟನ್‌ಗೆ ಒಂದೇ. ಮುಂದಿನ ಡೈರಿಯಲ್ಲಿ ಅವರಿಗೂ ಎರಡು. ಮೊದಲು ನಲವತ್ತಾದವರು ಮಾವ. ಅಚ್ಚಿನ ಪಟ್ಟಿ ಮಾತ್ರ ಸೇರಿದ ದಿನ ಸಹಿ ಹಾಕಿದ ಸಾಲಿನಲ್ಲೇ ಉಳೀತು. ನಾನೇ ಬರೆದದ್ದು. ನಾನೇ ನೋಡಲಿಲ್ಲ."

ಅಕ್ಕ ಡೈರಿಗಳನ್ನು ನ್ಯಾಯಾಧೀಶರ ಮುಂದೆ ಸರಿಸಿದರು.

"ರಿಜಿಸ್ಟರ್ ಕಾಣೆಯಾದರೆ ಯಾರಿಗೆ ಲಾಭ? ವಕೀಲರಿಗಲ್ಲ. ದಿನಾಂಕ ಸುಳ್ಳು ಅಂತ ತೋರಿಸೋಕೆ ಅವರಿಗೆ ಅದೇ ಬೇಕು. ಮಾವನಿಗಂತೂ ಅಲ್ಲ. ಅದು ತೆರೆದರೆ ಅವರೇ ಇನ್ನೂರ ಹನ್ನೆರಡು. ಅಂಥ ದೊಡ್ಡ ಪುಸ್ತಕ ಫ್ಲಾಸ್ಕಿನೊಳಗೆ ಹಿಡಿಯೋದೂ ಇಲ್ಲ. ಡ್ಯೂಟಿ ಬ್ಯಾಗಿನಲ್ಲಿ ಹಿಡಿಯುತ್ತೆ. ಕ್ಯಾಪ್ಟನ್ ಕೈಯಲ್ಲಿರೋ ಬ್ಯಾಗನ್ನ ಯಾರೂ ಬ್ಯಾಗು ಅಂತ ಲೆಕ್ಕಕ್ಕೇ ತಗೊಳ್ಳಲ್ಲ."

ಕ್ಯಾಪ್ಟನ್ ತಮ್ಮ ಲೈಸೆನ್ಸನ್ನು ತೆಗೆದು ಮಾವನದರ ಪಕ್ಕ ಇಟ್ಟರು.

"ಮನೆಯಲ್ಲಿದೆ" ಎಂದರು. "ಹರಿದು ಹಾಕೋಕೆ ಆಗಲಿಲ್ಲ."

"ಯಾವತ್ತು ಗೊತ್ತಾಯ್ತು?" ನ್ಯಾಯಾಧೀಶರು ಕೇಳಿದರು.

"ಪರೀಕ್ಷೆಗೆ ಅವನು ವರ್ಷಕ್ಕೆ ಎರಡು ಸಲ ಹೋಗೋಕೆ ಶುರು ಮಾಡಿದಾಗ. ಎಡಸೀಟು ಬಂದ ದಿನ ಹೇಳಬೇಕು ಅಂದ್ಕೊಂಡೆ. ಒಂದು ತಿಂಗಳು ಕೂತು ಹೇಳೋಣ ಅಂತ. ಆ ಒಂದು ತಿಂಗಳೇ ಇಪ್ಪತ್ತೊಂದು ವರ್ಷ ಆಯ್ತು." ಅವರು ಮಾವನ ಕಡೆ ತಿರುಗಿದರು. "ಬಯ್ಯಪ್ಪಾ ನನ್ನ."

"ಏನಂತ ಕರೆದು ಬಯ್ಯಲಿ ನಿಮ್ಮನ್ನ?" ಎಂದರು ಮಾವ.

ಕ್ಯಾಪ್ಟನ್ ಎದ್ದರು. ಗುಮಾಸ್ತನನ್ನು ಕರೆದುಕೊಂಡು ರಿಜಿಸ್ಟರ್ ತರಲು ಹೊರಟರು. ಪೊಲೀಸರ ಮಾತು ನಾಳೆ ಎಂದು ನ್ಯಾಯಾಧೀಶರು ಹೇಳಿ, ಪಟ್ಟಿಯಲ್ಲಿ ಎರಡು ಹೆಸರುಗಳ ನಡುವೆ ಪೆನ್ಸಿಲಿನಿಂದ ಸಣ್ಣ ಬಾಣ ಎಳೆದರು. ವಕೀಲರು ಎದ್ದು ಮಾವನ ಲೈಸೆನ್ಸನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದರು.

* * *

"ಎಡಸೀಟಿನ ತರಬೇತಿ ಎಷ್ಟು ತಿಂಗಳು ಅಕ್ಕಾ?" ಮೊಗಸಾಲೆಯಲ್ಲಿ ಮಾವ ಕೇಳಿದರು.

"ಆರು."

ಅವರು ಬೆರಳು ಮಡಿಚಿದರು. "ಎಂಟು ಉಳಿಯುತ್ತೆ."

"ಉಳಿಯುತ್ತೆ."

ಇಪ್ಪತ್ತೊಂದು ವರ್ಷಕ್ಕೆ ಬದಲು ಎಂಟು ತಿಂಗಳು. ಮಾವ ಕಿಟಕಿಯ ಬಳಿ ಹೋಗಿ ಮನೆಗೆ ಫೋನ್ ಮಾಡಿದರು.

"ನಾನೇ. ಇಲ್ಲ, ಏನೂ ತೊಂದರೆ ಇಲ್ಲ. ಹೇಳ್ತೀನಿ." ಹಣೆಯನ್ನು ಕಿಟಕಿಯ ಸರಳಿಗೆ ಒತ್ತಿದರು. "ಸ್ವಲ್ಪ ಹೊತ್ತು ನೀನೂ ಮಾತಾಡಬೇಡ. ಫೋನು ಇಡಬೇಡ. ಸುಮ್ಮನೆ ಹಾಗೇ ಹಿಡ್ಕೊಂಡಿರು."

ಅಕ್ಕ ಚಪ್ಪಲಿಯ ಸದ್ದಾಗದಂತೆ ತಿರುಗಿ, ಹಿಂದಿನ ಮೆಟ್ಟಿಲಿಳಿದು ಹೋದರು.