ಚೀಟಿ ಹರಿದ ಮನೆ

"ಕ್ಷಮಿಸಿ ಮೇಡಂ, ಆ ಮನೆ ಖಾಲಿ ಇಲ್ಲ. ಅಲ್ಲಿ ಯಾರೋ ಇದಾರೆ!"

ನಗರಪಾಲಿಕೆಯ ಮೂರನೇ ಕೌಂಟರಿನ ಮುಂದೆ ನಿಂತಿದ್ದ ಅವಳು ಇನ್ನಷ್ಟು ಮುಂದಕ್ಕೆ ಬಾಗಿದಳು.

"ಯಾರಿರ್ತಾರೆ? ನಮ್ಮಕ್ಕ ಹೋಗಿ ಎಂಟು ತಿಂಗಳಾಯ್ತು. ಬೀಗದ ಕೈ ನನ್ನ ಹತ್ರಾನೇ ಇದೆ!"

ಕೌಂಟರಿನ ಆಚೆ ಕುಳಿತವನು ತಲೆ ಎತ್ತಲಿಲ್ಲ. ಖಾಲಿ ಮನೆಗಳನ್ನು ನೋಡಿ ಬಂದು ದಾಖಲೆ ಮಾಡುವುದು ಅವನ ಕೆಲಸ. ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ, ತಾರೀಖು ಬರೆದ ಕಾಗದದ ಚೀಟಿ ಅಂಟಿಸುತ್ತಾನೆ. ಹದಿನೈದು ದಿನ ಅದು ಹರಿಯದೆ ಉಳಿದರೆ ಮನೆ ಖಾಲಿ ಎಂದು ಅರ್ಥ. ಅದಕ್ಕೇ ಊರಿನವರೆಲ್ಲ ಅವನನ್ನು ಚೀಟಿ ಸಾಹೇಬ ಎಂದು ಕರೆಯುವುದು.

ಎರಡು ತುಂಡಾಗಿದ್ದ ಚೀಟಿಯನ್ನು ಅವನು ಮೇಜಿನ ಮೇಲಿಟ್ಟ.

"ಹರಿದಿದೆ, ನೋಡಿ. ಬೀಗ ಮಾತ್ರ ಹಾಕಿದ ಹಾಗೇ ಇದೆ."

"ಅಂದ್ರೆ... ದೆವ್ವ ಅಂತೀರಾ?"

"ನಮ್ಮ ಫಾರಂನಲ್ಲಿ ದೆವ್ವಕ್ಕೆ ಕಾಲಂ ಇಲ್ಲ ಮೇಡಂ."

ಮಾತು ತಮಾಷೆಯದೇ. ಆದರೆ ಹೇಳಿದವನ ಮುಖದಲ್ಲಿ ನಗು ಇರಲಿಲ್ಲ. ಒಂದೇ ಒಂದು ಸಲ ಕಣ್ಣೆತ್ತಿ ಅವಳನ್ನು ನೋಡಿದ. ಮೊದಲ ಸಲ ಕಂಡವರನ್ನು ಯಾರೂ ಹಾಗೆ ನೋಡುವುದಿಲ್ಲ... ಬಹಳ ದಿನ ಕಾಯಿಸಿ ಬಂದವರನ್ನು ಹಾಗೆ ನೋಡುತ್ತಾರೆ.

ತಿಂಗಳ ಕೊನೆಯೊಳಗೆ ಖಾಲಿ ಎಂದೋ ವಾಸವಿದೆ ಎಂದೋ ದಾಖಲೆಯಾಗದಿದ್ದರೆ ಮನೆ ದಿಕ್ಕಿಲ್ಲದ ಮನೆಗಳ ಪಟ್ಟಿಗೆ ಸೇರುತ್ತದೆ, ಆಮೇಲೆ ಕೆಡವುತ್ತಾರೆ ಎಂದು ಅವಳಿಗೆ ನೋಟಿಸ್ ಬಂದಿತ್ತು. ಖಾಲಿ ಎಂದು ದಾಖಲೆಯಾದರೆ ಕರೆಂಟು, ನೀರು ತೆಗೆದು ಬಾಗಿಲಿಗೆ ಪಾಲಿಕೆಯ ಬೀಗ. ಅವಳಿಗೆ ಬೇಕಾಗಿದ್ದುದೂ ಅದೇ, ಅರ್ಜಿ ಹಾಕಿದ್ದೂ ಅದಕ್ಕೇ. ಕೆಡವುವುದನ್ನು ನೋಡುವ ಧೈರ್ಯವಿಲ್ಲ, ಒಳಗೆ ಕಾಲಿಡುವ ಧೈರ್ಯವೂ ಇಲ್ಲ. ಬೀಗ ಬಿದ್ದರೆ ಸಾಕು!

ಸಾಕಿ ಬೆಳೆಸಿದ ಅಕ್ಕ ಅವಳು. ಬಟ್ಟೆ ಹೊಲಿದೇ ತಂಗಿಯನ್ನು ಓದಿಸಿದವಳು. ಬೇರೆ ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ತಂಗಿ ಹೊರಟಾಗ, "ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ" ಎಂದಿದ್ದಳು. ತಂಗಿಯೂ ಹಟಮಾರಿಯೇ. ಎರಡು ವರ್ಷ ಒಂದು ಫೋನಿಲ್ಲ. ಕೊನೆಗೆ ಆಸ್ಪತ್ರೆಯಿಂದ ಯಾರೋ ಗಂಡಸು ಫೋನ್ ಮಾಡಿ ಕರೆದಾಗ, ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

'ನನ್ನ ಮೇಲೆ ಕೋಪ ಇಟ್ಕೊಂಡೇ ಹೋದೆಯಾ ಅಕ್ಕಾ?' ಎಂಟು ತಿಂಗಳಿಂದ ಅವಳು ಈ ಪ್ರಶ್ನೆಯ ಜೊತೆಗೇ ಮಲಗಿ ಏಳುತ್ತಿದ್ದಳು.

"ಒಮ್ಮೆ ಒಳಗೆ ನೋಡಿಬಿಡೋಣ ಬನ್ನಿ," ಎಂದ ಚೀಟಿ ಸಾಹೇಬ.

ಮನೆ ಎಂದರೆ ಬೀದಿಗೆ ಮುಖ ಮಾಡಿದ ಒಂದು ಕೋಣೆ, ಹಿಂದೆ ಇನ್ನೊಂದು. ಅವಳು ಬೀಗ ತೆಗೆದಳು.

ಮುಗ್ಗಲು ವಾಸನೆ ಬರಲೇ ಇಲ್ಲ. ಬಂದದ್ದು ಮಿಷನ್ ಎಣ್ಣೆಯ ವಾಸನೆ!

ಕಿಟಕಿಯ ಪಕ್ಕ ಅಕ್ಕನ ಹೊಲಿಗೆ ಮಿಷನ್. ಅದರ ಮೇಲೆ ಚೂರೂ ಧೂಳಿಲ್ಲ. ಸೂಜಿಯ ಕೆಳಗೆ ನೀಲಿ ಬಟ್ಟೆಯೊಂದು ಅರ್ಧ ಹೊಲಿಗೆಗೆ ನಿಂತಿದೆ. ಈಗಷ್ಟೇ ಎದ್ದು ಒಳಗೆ ಹೋದವರ ಹಾಗೆ ಕುರ್ಚಿ ಓರೆಯಾಗಿದೆ...

"ಅಕ್ಕಾ...?"

ಕೂಗಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಒಳಕೋಣೆಯಿಂದ ಉತ್ತರ ಬರಲಿಲ್ಲ. ಬರಬಹುದಿತ್ತೇನೋ ಎನ್ನಿಸಿತು. ಭಯವಾಗಬೇಕಿತ್ತು, ಆಸೆಯಾಯಿತು!

ಚೀಟಿ ಸಾಹೇಬ ತನ್ನ ಚೀಲಕ್ಕೆ ಕೈ ಹಾಕಿ, ಹಾಗೇ ಬರಿಗೈ ಹಿಂದಕ್ಕೆ ತೆಗೆದ. ಹೊರಗೆ ಬಂದು ಹೊಸ ಚೀಟಿ ಅಂಟಿಸಿದ.

"ಇನ್ನು ಹದಿನೈದು ದಿನ ನೋಡೋಣ ಮೇಡಂ. ಬರ್ತೀರಲ್ಲಾ?"

"ಬರದೆ ಏನು ಮಾಡ್ಲಿ?" ಎಂದು ಸಿಡುಕಿದಳು. ಬೇಕೆಂದೇ ಅಲೆಸುತ್ತಿದ್ದಾನೆ ಎಂದುಕೊಂಡಳು.

ಆ ಹದಿನೈದು ದಿನ ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಅವಳು ಒಂದನ್ನೇ ಬೇಡಿಕೊಂಡಳು. 'ಚೀಟಿ ಹರಿದಿರಲಿ... ಅಕ್ಕ ಅಲ್ಲೇ ಇರಲಿ!'

ಹರಿದಿತ್ತು.

ಮಧ್ಯಾಹ್ನದ ಬಿಸಿಲು ಇಳಿಯುತ್ತಿದ್ದ ಹೊತ್ತು. ಈ ಸಲ ಅವಳು ನೇರ ಹೋಗಿ ಅಕ್ಕನ ಕುರ್ಚಿಯಲ್ಲಿ ಕುಳಿತಳು. ಪೆಡಲಿನ ಮೇಲೆ ಕಾಲಿಟ್ಟು ತುಳಿದಳು. ಮಿಷನ್ ಸರಾಗವಾಗಿ ಓಡಿತು. ಅಕ್ಕ ಬಿಟ್ಟ ಜಾಗದಿಂದಲೇ ಹೊಲಿಗೆ ಮುಂದುವರಿಯಿತು. ಕಣ್ಣು ತುಂಬಿ ಬಟ್ಟೆ ಕಾಣಿಸದಾಯಿತು. ಆದರೂ ತುಳಿದಳು, ಜೋರಾಗಿ ತುಳಿದಳು...

"ಕಾಲು ನಿಧಾನ, ನೂಲುಂಡೆ..."

ಪೆಡಲು ತುಳಿಯುತ್ತಿದ್ದ ಅವಳ ಕಾಲು ನಿಂತಿತು.

ದಾರವನ್ನೆಲ್ಲ ಸಿಕ್ಕು ಮಾಡುತ್ತಿದ್ದ ಪುಟ್ಟ ತಂಗಿಗೆ ಅಕ್ಕ ಇಟ್ಟ ಹೆಸರು ಅದು. ಈ ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲದ ಹೆಸರು!

ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತು ಹಾಗೆ ಕರೆದವನು ಚೀಟಿ ಸಾಹೇಬ. ಅವನ ಕಣ್ಣಲ್ಲೂ ನೀರು. ಅಂಗೈಯಲ್ಲಿ ಒಂದು ಬೀಗದ ಕೈ.

"ಚೀಟಿ ಹರಿದಿದ್ದು ನಾನೇ."

"ನೀವಾ...?"

"ಈ ಬೀಗದ ಕೈ ಟೈಲರ್ ಮೇಡಂ ಕೊಟ್ಟಿದ್ದು. ಅವರಿಗೆ ಮಾತು ಕೊಟ್ಟಿದ್ದೆ. ವಾರಕ್ಕೊಂದ್ಸಲ ಕಿಟಕಿ ತೆಗೀತೀನಿ, ಮಿಷನ್ನಿಗೆ ಎಣ್ಣೆ ಬಿಡ್ತೀನಿ ಅಂತ. ಎರಡೂವರೆ ವರ್ಷದ ಹಿಂದೆ, ಯಾವಾಗ್ಲೂ ಬಾಗಿಲು ಹಾಕಿರುತ್ತೆ ಅಂತ ಯಾರೋ ದೂರು ಕೊಟ್ಟಿದ್ರು. ನೋಡೋಕೆ ಬಂದೆ. ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡೇ ಬಾಗಿಲು ತೆಗೆದು, 'ನಾನು ಖಾಲಿ ಮನೆ ಥರ ಕಾಣ್ತೀನೇನ್ರೀ?' ಅಂತ ಬೈದ್ರು. ಆಮೇಲೆ ನನ್ನ ಹರಿದ ಜೇಬು ನೋಡಿ, ಹೊಲಿದೇ ಕಳಿಸಿದ್ರು. ಅವತ್ತಿಂದ ಈ ಮನೆಗೆ ಬರ್ತಾನೇ ಇದೀನಿ. ಆಸ್ಪತ್ರೆಯಿಂದ ನಿಮಗೆ ಫೋನ್ ಮಾಡಿದ್ದೂ ನಾನೇ."

ಅವಳು ಎದ್ದು ನಿಂತಳು. ಕಪಾಳಕ್ಕೆ ಬಿಗಿಯಬೇಕೆನ್ನಿಸುವಷ್ಟು ಸಿಟ್ಟು!

"ಅಕ್ಕ ಇದಾಳೆ ಅಂದ್ಕೊಂಡಿದ್ದೆ ಕಣ್ರೀ! ಹದಿನೈದು ದಿನ... ಅವಳನ್ನ ನೀವು ಇನ್ನೊಂದು ಸಲ ಸಾಯಿಸಿದ್ರಿ!"

"ತಪ್ಪಾಯ್ತು. ಅವತ್ತು ನೀವು 'ಅಕ್ಕಾ' ಅಂದಾಗಲೇ ಹೇಳ್ಬೇಕಿತ್ತು. ಆದ್ರೆ ಅವರದ್ದೊಂದು ಷರತ್ತಿತ್ತು." ಚೀಲದಿಂದ ಹಳೆಯ ಅಳತೆ ಪುಸ್ತಕ ತೆಗೆದ. "'ಅವಳಾಗೇ ಮಿಷನ್ ಮುಂದೆ ಕೂತ ಮೇಲೆ ಕೊಡು. ಮುಂಚೆ ಕೊಟ್ರೆ ಹರಿದು ಬಿಸಾಕ್ತಾಳೆ, ನನ್ನ ತಂಗಿ ಅಲ್ವಾ' ಅಂದಿದ್ರು."

ಕೊನೆಯ ಪುಟ. ಅಕ್ಕನ ಸೊಟ್ಟ ಅಕ್ಷರ.

'ನೂಲುಂಡೆ. ನೀಲಿ ಕೋಟು. ಎದುರಿಗಿಲ್ಲ, ಅಂದಾಜಿನ ಅಳತೆ. ಸೊಂಟ ಒಂದಿಂಚು ಕಮ್ಮಿ, ಹೊರಗಿನ ಊಟ ತಿಂದು ಸೊರಗಿರ್ತಾಳೆ. ಒಳಗೆ ಬಟ್ಟೆ ಜಾಸ್ತಿ ಬಿಟ್ಟಿದೀನಿ. ಬಂದಾಗ ಬಿಚ್ಚಿ ಸರಿ ಮಾಡೋದು.'

ಅವಳು ಕುರ್ಚಿಗೆ ಕುಸಿದಳು.

"ಕೋಪ... ಇರಲಿಲ್ವಾ?"

"ಇತ್ತು. ದಿನಾ ಬೈತಿದ್ರು. ಬೈತಾ ಬೈತಾ ಈ ಕೋಟು ಹೊಲೀತಿದ್ರು."

ಎಂಟು ತಿಂಗಳಿಂದ ಕಟ್ಟಿಕೊಂಡಿದ್ದ ಅಳು ಆಗ ಬಂತು. ಅವನು ಹತ್ತಿರ ಬರಲಿಲ್ಲ. ಒಂದು ಲೋಟ ನೀರು ತಂದು ಮಿಷನ್ ಮೇಲಿಟ್ಟು, ಅಳು ಮುಗಿಯುವವರೆಗೂ ಕಿಟಕಿಯ ಹತ್ತಿರ ನಿಂತಿದ್ದ.

"ಅಂಟಿಸಿದವನೇ ಚೀಟಿ ಹರಿದ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ದೂರು ಕೊಡೋದಾದ್ರೆ ಕೊಡಿ, ನಾನೇ ಬರ್ಕೊಡ್ತೀನಿ. ಮೊದಮೊದಲು ಅವರಿಗೋಸ್ಕರ ಬರ್ತಿದ್ದೆ. ಅವರು ಹೇಳಿದ ನಿಮ್ಮ ಕತೆಗಳನ್ನೇ ನೆನೆಸ್ಕೊಂಡು ಇಲ್ಲಿ ಕೂರ್ತಿದ್ದೆ. ಆಮೇಲೆ... ಯಾರಿಗೋಸ್ಕರ ಕಾಯ್ತಿದೀನಿ ಅಂತ ನನಗೇ ಗೊತ್ತಾಗಲಿಲ್ಲ. ಈ ಮನೆ ಖಾಲಿ ಅಂತ ಬರೆಯೋಕೆ ಕೈ ಬರ್ಲಿಲ್ಲ. ಬರೆದ್ರೆ ನೀವು ಮತ್ತೆ ಬರೋದೇ ಇಲ್ಲ."

ಅವನು ಬೀಗದ ಕೈಯನ್ನು ಪುಸ್ತಕದ ಮೇಲಿಟ್ಟು ಬಾಗಿಲ ಕಡೆ ನಡೆದ.

"ಚೀಟಿ ಸಾಹೇಬ್ರೇ..."

ನಿಂತ.

"ಅರ್ಜಿ ವಾಪಸ್ ತಗೋತೀನಿ. ಈ ಊರಲ್ಲೂ ಕನ್ನಡಕದ ಅಂಗಡಿ ಇರುತ್ತಲ್ವಾ?"

ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಗಡಿಬಿಡಿಯಲ್ಲಿ ಇನ್ನೊಂದು ಫಾರಂ ತೆಗೆದ.

"ಹಾಗಾದ್ರೆ ವಾಸ ಇರೋ ಮನೆ ಅಂತ ಬರೀಬೇಕು. ಎಷ್ಟು ಜನ ಅಂತ ಹಾಕ್ಲಿ?"

ಅವಳು ಕಣ್ಣೊರೆಸಿಕೊಂಡು, ಅಕ್ಕ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟಿದ್ದ ಮೋಟು ಪೆನ್ಸಿಲನ್ನು ಅವನ ಕೈಗಿತ್ತಳು.

"ಸದ್ಯಕ್ಕೆ ಒಬ್ಬರು. ಪೆನ್ಸಿಲ್‌ನಲ್ಲೇ ಬರೀರಿ... ಅಳಿಸಿ ತಿದ್ದಬೇಕಾಗಬಹುದು."